ಅತ್ತೆ ಒಳಗವ್ರೆ, ಕೂತ್ಕಳಿ

ನಾದಿನಿಯಾದವಳು ಅತ್ತಿಗೆಯನ್ನು ಹೊಗಳಿದರೆ ನಮ್ಮ ದಂಡಿನಶಿವರದಲ್ಲಿ ಯಾರೂ ನಂಬುವುದಿಲ್ಲ. ಇವಳಿಗೆ ಏನೋ ಕೆಲಸ ಆಗಬೇಕಾಗಿದೆ ಎಂದುಕೊಳ್ಳುತ್ತಾರೆ. ನನಗೆ ಏನೂ ಆಗಬೇಕಾಗಿಲ್ಲ. ತುರುವೇಕೆರೆಯ ಶಾಲೆಯಲ್ಲಿ ಟೀಚರ್ ಆಗಿದ್ದೇನೆ, ನನ್ನ ಅನ್ನ ನಾನು ದುಡಿದುಕೊಳ್ಳುತ್ತೇನೆ, ನನ್ನ ಬಾಯಿಗೆ ಊರೇ ಹೆದರುತ್ತದೆ. ಆದ್ದರಿಂದ ನೇರವಾಗಿಯೇ ಹೇಳಿಬಿಡುತ್ತೇನೆ. ನನ್ನ ಅತ್ತಿಗೆ ಪುಷ್ಪಲತಾಳಂಥ ಇನ್ನೊಬ್ಬ ಹೆಂಗಸನ್ನು ನಾನು ಕಂಡಿಲ್ಲ.

ಅವಳು ಅರಳಗುಪ್ಪೆಯ ಹುಡುಗಿ. ನಮ್ಮಣ್ಣ ಶ್ರೀರಂಗಯ್ಯನನ್ನು ಮದುವೆಯಾಗಿ ಬಂದ ಹೊಸದರಲ್ಲಿ ಅವ್ವ ಹಿಗ್ಗಿದ್ದೇ ಹಿಗ್ಗು. ನಮ್ಮವ್ವ ಪುಟ್ಟಗಂಗಮ್ಮನನ್ನು ಮೆಚ್ಚಿಸುವುದು ಸುಲಭವಲ್ಲ. ಸಾರಿಗೆ ಉಪ್ಪು ಸರಿಯಾಗಿದ್ದರೆ "ಇವತ್ತು ಅದೆಂಗೋ ಸರಿಯಾಗ್ಬುಟ್ಟದೆ" ಎಂದು ಅದರಲ್ಲೂ ಕೊಂಕು ಹುಡುಕುವವಳು. ಅಂಥವಳೇ ಸೊಸೆಯನ್ನು ಬಾಯಿತುಂಬ ಹೊಗಳಿದಳು. ಅಟ್ಟದ ಮೇಲೆ ವರ್ಷವಿಡೀ ಒಣಗಿದ ಕಾಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಕೊಬ್ಬರಿ ಕಳಚಿಕೊಂಡಿದೆಯೋ ಇಲ್ಲವೋ ಹೇಳುವುದರಲ್ಲಿ ಪುಷ್ಪ ನಮ್ಮಪ್ಪನನ್ನೂ ಮೀರಿಸಿದ್ದಳು.

ದೂರು ಇದ್ದದ್ದು ಒಂದೇ. ಹುಡುಗಿಗೆ ಸೊಕ್ಕು. ಎದುರು ಸಿಕ್ಕವರನ್ನು ನೋಡಿಯೂ ನೋಡದ ಹಾಗೆ ಹೋಗುತ್ತಾಳೆ. ನಿನ್ನೆ ಮನೆಗೆ ಬಂದು ಕಾಫಿ ಕುಡಿದು ಹೋದವರು ಇವತ್ತು ಕಿಬ್ಬನಹಳ್ಳಿ ಬಸ್ ಸ್ಟಾಪಿನಲ್ಲಿ ಕಂಡರೆ ಮಾತಿಲ್ಲ, ಕತೆಯಿಲ್ಲ. ಅವರಾಗಿ ಮಾತಾಡಿಸಿದರೆ ಮಾತ್ರ ಮುಖ ಅರಳಿಸಿಕೊಂಡು ಮನೆಮಂದಿಯನ್ನೆಲ್ಲ ಹೆಸರು ಹಿಡಿದು ವಿಚಾರಿಸುತ್ತಾಳೆ. "ತಾನಾಗೇ ಮಾತಾಡ್ಸಿದ್ರೆ ಇವಳ ಗಂಟೇನು ಹೋಗ್ತದೆ?" ಎಂದು ನಮ್ಮ ಸೋದರತ್ತೆ ಭೈರಮ್ಮ ಹೋದಲ್ಲೆಲ್ಲ ಹೇಳಿಕೊಂಡು ತಿರುಗುತ್ತಿದ್ದಳು. ಅಣ್ಣನ ಕಿವಿಗೂ ಇದೆಲ್ಲ ಬೀಳುತ್ತಿತ್ತು. ಆದರೆ ಅವನು ಬಾಯಿದ್ದೂ ಮೂಗ.

ಮದುವೆಯ ಮೂರನೆಯ ವರ್ಷ, ಅಂದರೆ ತೊಂಬತ್ತೇಳರಲ್ಲಿ, ಅಪ್ಪ ತೀರಿಕೊಂಡ. ಹನ್ನೊಂದನೆಯ ದಿನದ ಕಾರ್ಯಕ್ಕೆ ಮನೆ ತುಂಬ ನೆಂಟರು. ಅಣ್ಣ ತಲೆ, ಮೀಸೆ ಬೋಳಿಸಿಕೊಂಡ. ಹಿತ್ತಲಲ್ಲಿ ಮುದುಕಿಯರು ಸೇರಿ ಅವ್ವನ ಕಾಸಗಲದ ಕುಂಕುಮ ಒರೆಸಿ, ಮುಂಗೈ ತುಂಬ ಇದ್ದ ಹಸಿರು ಬಳೆ ಒಡೆದು, ಬಿಳಿ ಸೀರೆ ಉಡಿಸಿದರು. ನಾನು ಅಲ್ಲಿ ನಿಲ್ಲಲಾರದೆ ಒಳಗೆ ಬಂದುಬಿಟ್ಟೆ. ಆ ಪದ್ಧತಿಯ ಮೇಲೆ ನನಗೆ ಆಗಲೂ ಸಿಟ್ಟಿತ್ತು, ಈಗಲೂ ಇದೆ.

ಸ್ವಲ್ಪ ಹೊತ್ತಿಗೆ ಅವ್ವ ಒಬ್ಬಳೇ ಬಂದು ನಡುಮನೆಯ ಕಂಬಕ್ಕೆ ಒರಗಿ ನಿಂತಳು. ಪುಷ್ಪ ನೀರಿನ ಚೊಂಬು ಹಿಡಿದುಕೊಂಡು ಎದುರಿಗೆ ಬಂದಳು. ಅವ್ವನ ಮುಖವನ್ನು ಚೆನ್ನಾಗಿಯೇ ನೋಡಿದಳು.

"ಬನ್ರಮ್ಮ, ಯಾವೂರಿಂದ ಬಂದ್ರಿ?" ಎಂದಳು. "ಅತ್ತೆ ಒಳಗವ್ರೆ, ಕೂತ್ಕಳಿ. ನೀವೂ ಬಾಳ ಅತ್ತಿರೋ ಹಂಗೆ ಕಾಣ್ತದೆ. ನಮ್ಮತ್ತೆ ನಿನ್ನೆಯಿಂದ ಬಾಯಿಗೆ ಒಂದಗಳು ಹಾಕಿಲ್ಲ ಕಣ್ರಮ್ಮ. ನನ್ ಮಾತು ಕೇಳಲ್ಲ. ನೀವಾದ್ರೂ ಎರಡು ತುತ್ತು ತಿನ್ಸಿ. ಅವ್ರಿಲ್ದಿದ್ರೆ ಈ ಮನೇಲಿ ನನಗೆ ಯಾರವ್ರೆ?"

ಭೈರಮ್ಮತ್ತೆ ಎದೆ ಬಡಿದುಕೊಂಡಳು. "ಕೇಳಿದ್ರಾ? ಗಂಡನ್ನ ಕಳಕೊಂಡೋಳ್ನ ಯಾವೂರು ಅಂತ ಕೇಳ್ತವ್ಳೆ. ಬಳೆ ಹೋದ ಕೂಡ್ಲೆ ಅತ್ತೆ ಹೊರಗಿನೋಳಾಗ್ಬುಟ್ಳು."

ಆಗ ಪುಷ್ಪಳಿಗೆ ತಾನು ಯಾರ ಎದುರು ನಿಂತಿದ್ದೇನೆಂದು ತಿಳಿಯಿತು. ಚೊಂಬು ಕೆಳಗಿಟ್ಟು ಅವ್ವನ ಕಾಲು ಹಿಡಿದುಕೊಂಡು, "ತಪ್ಪಾಯ್ತು ಅತ್ತೆ, ಗೊತ್ತಾಗ್ಲಿಲ್ಲ" ಎಂದು ಅತ್ತಳು. ಅವ್ವ ಕಾಲು ಎಳೆದುಕೊಂಡಳು. ಮಾರನೆಯ ದಿನ ಅಣ್ಣ ಹೆಂಡತಿಯನ್ನು ಅರಳಗುಪ್ಪೆಗೆ ಬಿಟ್ಟು ಬಂದ. "ತಿರುಗಿ ಕರ್ಕಂಡ್ ಬರೋ ಮಾತಾಡ್ಬ್ಯಾಡ" ಎಂದು ಅವ್ವ ಕಡ್ಡಿ ಮುರಿದ ಹಾಗೆ ಹೇಳಿದ್ದಳು. ತಿಂಗಳು ಕಳೆಯುವುದರೊಳಗೆ ಭೈರಮ್ಮತ್ತೆ ಅಣ್ಣನಿಗೆ ಬೇರೆ ಹೆಣ್ಣಿನ ಮಾತು ತೆಗೆದಳು.

ನನ್ನ ತಲೆಯನ್ನು ಮಾತ್ರ ಒಂದು ವಿಷಯ ಕೊರೆಯುತ್ತಿತ್ತು. ಸಂಜೆ ಕರೆಂಟು ಹೋದಾಗ ಅಂಗಳಕ್ಕೆ ಯಾರೇ ಕಾಲಿಟ್ಟರೂ ಪುಷ್ಪ ಒಳಗಿನಿಂದಲೇ ಹೆಸರು ಹಿಡಿದು ಕರೆಯುತ್ತಿದ್ದಳು. ಕಾಯಿ ಸುಲಿಯುವ ದುರ್ಗಯ್ಯ ಚಪ್ಪಲಿ ಎಳೆದುಕೊಂಡು ನಡೆಯುವ ಸದ್ದು ಸಾಕು, "ಬಾ ದುರ್ಗಯ್ಯಣ್ಣ" ಎನ್ನುವಳು. ಅದೇ ದುರ್ಗಯ್ಯ ಹಗಲು ಹೊಸ ಅಂಗಿ ಹಾಕಿಕೊಂಡು ಸುಮ್ಮನೆ ನಿಂತರೆ ಪಕ್ಕದಲ್ಲೇ ಹಾದುಹೋಗುವಳು. ಕತ್ತಲಲ್ಲಿ ಊರನ್ನೆಲ್ಲ ಬಲ್ಲವಳು ಬೆಳಕಿನಲ್ಲಿ ಯಾಕೆ ತಪ್ಪುತ್ತಾಳೆ? ಸೊಕ್ಕು ಇದ್ದರೆ ಕತ್ತಲಲ್ಲೂ ಇರಬೇಕಲ್ಲ.

ತಿಪಟೂರಿನಲ್ಲಿ ನನ್ನ ರವಿಕೆ ಹೊಲಿಯುವ ಫಕ್ರುದ್ದೀನ್ ಸಾಹೇಬರ ಮುಂದೆ ಇದನ್ನು ಹೇಳಿಕೊಂಡೆ. ಟೈಲರ್ ಹತ್ತಿರ ಹೇಳದ ಗುಟ್ಟು ಯಾವ ಹೆಂಗಸಿಗೂ ಇರುವುದಿಲ್ಲ. ಅವರು ಮೆಷಿನ್ ನಿಲ್ಲಿಸಿದರು. "ಟೀಚರಮ್ಮ, ನಮ್ಮ ಮಗಳು ಯಾಸ್ಮಿನ್ ಬೆಂಗ್ಳೂರಿನ ದೊಡ್ಡಾಸ್ಪತ್ರೇಲಿ ಇದೇ ಕೆಲ್ಸ ಮಾಡ್ತಾಳೆ. ದಿಮಾಗು, ಅಂದ್ರೆ ಮಿದುಳು, ಏನ್ ಮಾಡ್ತದೆ, ಏನ್ ಮಾಡಲ್ಲ ಅಂತ ಕೂತ್ಕೊಂಡು ನೋಡ್ತಾಳೆ. ಹುಚ್ಚಿನ ಡಾಕ್ಟ್ರಲ್ಲ ಕಣ್ರೀ. ಒಂದ್ಸಲ ಕರ್ಕೊಂಡ್ ಹೋಗಿ."

ಅವ್ವನಿಗೆ ಹೇಳದೆ, ಅಣ್ಣನನ್ನು ಗದರಿಸಿ ಹೊರಡಿಸಿ, ಅರಳಗುಪ್ಪೆಯಿಂದ ಪುಷ್ಪಳನ್ನು ಕರೆದುಕೊಂಡು ಬೆಂಗಳೂರಿಗೆ ಹೋದೆ. ಕಣ್ಣಿನ ಡಾಕ್ಟರು ಕಣ್ಣು ಚೆನ್ನಾಗಿದೆ ಎಂದರು. ನರದ ಡಾಕ್ಟರು ಸ್ಕ್ಯಾನ್ ಮಾಡಿಸಿ, ಅದರಲ್ಲಿ ಅಂಥದ್ದೇನೂ ಕಾಣುತ್ತಿಲ್ಲ ಎಂದು ಯಾಸ್ಮಿನ್ ಹತ್ತಿರ ಕಳಿಸಿದರು.

ಯಾಸ್ಮಿನ್ ಸಣ್ಣ ದನಿಯ ಹುಡುಗಿ. ಅಪ್ಪ ಬಟ್ಟೆಗೆ ಟೇಪು ಹಿಡಿಯುವಾಗ ತೋರುವ ತಾಳ್ಮೆಯೇ ಅವಳಲ್ಲೂ ಇತ್ತು. ಮೊದಲ ದಿನ ನಮ್ಮಿಬ್ಬರನ್ನು ಹೊರಗೆ ಕೂರಿಸಿ, ಪುಷ್ಪಳಿಗೆ ಒಂದು ಕತೆ ಹೇಳಿ ಎಷ್ಟೋ ಹೊತ್ತಿನ ಮೇಲೆ ತಿರುಗಿ ಕೇಳಿದಳಂತೆ. ಬಣ್ಣದ ತುಂಡು ಜೋಡಿಸಲು ಕೊಟ್ಟಳಂತೆ, ಗೋಜಲು ಚಿತ್ರ ಬರೆಸಿದಳಂತೆ. ಎಲ್ಲದರಲ್ಲೂ ಪುಷ್ಪ ಪಾಸು, ನೆನಪಿನಲ್ಲಂತೂ ನೂರಕ್ಕೆ ಒಬ್ಬಳು. ಎರಡನೆಯ ದಿನ ಕೊನೆಗೆ ನಮ್ಮನ್ನೂ ಒಳಗೆ ಕರೆದಳು. ತರಲು ಹೇಳಿದ್ದ ನಮ್ಮ ಮನೆಯ ಮದುವೆ ಫೋಟೋಗಳ ಮೇಲೆ ಕರಿ ಕಾಗದ ಹೊದಿಸಿ, ಕೂದಲು, ಕಿವಿ, ಸೀರೆ ಏನೂ ಕಾಣದಂತೆ ಬರೀ ಮುಖ ಉಳಿಸಿದ್ದಳು.

ಮೊದಲನೆಯದು ಅವ್ವನದು. ಹಣೆಯನ್ನೂ ಮುಚ್ಚಿತ್ತು. "ವಯಸ್ಸಾದೋರು" ಎಂದಳು ಪುಷ್ಪ. "ನಗ್ತಾವ್ರೆ, ಒಳಗೆ ಏನೋ ಯೋಚ್ನೆ ಐತೆ. ಯಾರು ಅಂತ ಗೊತ್ತಿಲ್ಲ." ಎರಡನೆಯದು ಅಣ್ಣನದು. "ಗಂಡಸು. ಒಳ್ಳೇರಂಗೆ ಕಾಣ್ತಾರೆ." ಪಕ್ಕದಲ್ಲೇ ಕೂತಿದ್ದ ಅಣ್ಣ ತಲೆ ತಗ್ಗಿಸಿದ. ಕೊನೆಯದನ್ನು ಬಹಳ ಹೊತ್ತು ನೋಡಿದಳು. "ಚಿಕ್ಕ ಹುಡುಗಿ, ಪಾಪ, ಹೆದ್ರಿಕೊಂಡವ್ಳೆ. ಇವಳನ್ನ ನಾನು ಕಂಡಿಲ್ಲ."

ಅದು ಅವಳದೇ ಮುಖ.

ಚಿಕ್ಕಂದಿನಲ್ಲಿ ಮಿದುಳು ಜ್ವರ ಬಂದು ಬದುಕಿಕೊಂಡದ್ದನ್ನು ಪುಷ್ಪ ಹೇಳಿದ್ದಳು. ಆ ಜ್ವರ ಮುಖದ ಗುರುತು ಹಿಡಿಯುವ ಶಕ್ತಿಯೊಂದನ್ನೇ ತೆಗೆದುಕೊಂಡು ಹೋಗಿರಬೇಕು ಎಂದಳು ಯಾಸ್ಮಿನ್. ಮುಖ ಕಾಣುತ್ತದೆ, ನಗು, ಅಳು, ವಯಸ್ಸು ಎಲ್ಲ ತಿಳಿಯುತ್ತದೆ, ಯಾರದೆಂದು ಮಾತ್ರ ತಿಳಿಯುವುದಿಲ್ಲ. "ಸ್ಕ್ಯಾನಿನಲ್ಲಿ ಮಿದುಳಿನ ರೂಪ ಕಾಣುತ್ತೆ ಟೀಚರ್, ಅದು ಮಾಡೋ ಕೆಲಸ ಕಾಣಲ್ಲ. ಕೆಲಸ ನೋಡೋದಕ್ಕೆ ಈ ಪರೀಕ್ಷೆ. ಎಲ್ಲರಿಗೂ ಬೇಕಿಲ್ಲ. ಎಲ್ಲದರಲ್ಲೂ ಸರಿಯಾಗಿರೋರು ಒಂದರಲ್ಲಿ ಮಾತ್ರ ಮತ್ತೆ ಮತ್ತೆ ಎಡವುತ್ತಿದ್ದರೆ, ಯಾಕೆ ಅಂತ ತಿಳೀದೆ ಜನ ಸೊಕ್ಕು ಅಂತಲೋ ಹುಚ್ಚು ಅಂತಲೋ ಹೆಸರಿಡ್ತಾರಲ್ಲ, ಆಗ ಬೇಕು."

"ವಾಸಿಯಾಗುತ್ತಾ?" ಎಂದ ಅಣ್ಣ. ಅವನು ಬಾಯಿ ಬಿಟ್ಟದ್ದು ಅದೇ ಮೊದಲು.

"ಇಲ್ಲ. ಆದರೆ ಗೊತ್ತಾಯ್ತಲ್ಲ. ಇನ್ನು ಮೇಲೆ ನೀವುಗಳೇ ಮೊದಲು ಮಾತಾಡಿಸಿ."

ಪುಷ್ಪ ಕರಿ ಕಾಗದವನ್ನು ಬೆರಳಲ್ಲಿ ಸವರುತ್ತಾ ಕೂತಿದ್ದಳು. "ಹಂಗಾರೆ ನೀವೆಲ್ಲ ಬರೀ ಮುಖ ನೋಡೇ ಗುರ್ತು ಹಿಡೀತೀರಾ?" ಎಂದು ನನ್ನನ್ನು ಕೇಳಿದಳು. "ನಾನು ಎಲ್ರೂ ನನ್ನಂಗೇ ನಡಿಗೆ, ದನಿ, ಕೈಬಳೆ ನೋಡ್ಕಂಡು ಕಲೀತಾರೆ ಅಂದ್ಕಂಡಿದ್ದೆ ಕಣಮ್ಮಿ. ನನ್ ಬುದ್ಧಿ ಸಾಲ್ದು, ಅವ್ರೆಲ್ಲ ನನಗಿಂತ ಚೆನ್ನಾಗಿ ಕಲ್ತವ್ರೆ, ಇನ್ನೂ ಕಷ್ಟಪಡ್ಬೇಕು ಅಂತ."

ನನ್ನ ಕಣ್ಣಲ್ಲಿ ನೀರು ಬಂತು. ನಮಗೆ ಪುಕ್ಕಟೆ ಸಿಕ್ಕಿದ್ದನ್ನು ಇವಳು ಊರಿನ ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ದುಡಿದಿದ್ದಾಳೆ. ಕಾಯಿಯನ್ನು ಒಡೆಯದೆಯೇ ಸದ್ದಿನಿಂದ ತಿಳಿಯುವ ಹಾಗೆ ನಮ್ಮನ್ನೆಲ್ಲ ತಿಳಿದುಕೊಂಡಿದ್ದಾಳೆ. ಇಂಥವಳಿಗೆ ನಾವು ಸೊಕ್ಕಿನವಳು ಎಂದು ಹೆಸರಿಟ್ಟಿದ್ದೆವು. ಅವತ್ತಿನಿಂದ ನನಗೆ ಅವಳ ಮೇಲಿರುವುದು ಬರೀ ಪ್ರೀತಿಯಲ್ಲ, ಗೌರವ.

ಪುಷ್ಪಳನ್ನು ಅರಳಗುಪ್ಪೆಯಲ್ಲೇ ಬಿಟ್ಟು, ಊರಿಗೆ ಬಂದು ಅವ್ವನಿಗೆ ಎಲ್ಲ ಹೇಳಿದೆ. "ಮುಖ ಕಾಣ್ತದಂತೆ, ಯಾರು ಅಂತ ತಿಳಿಯಕ್ಕಿಲ್ವಂತೆ. ಓದ್ಕಂಡೋರು ಏನಾದ್ರೂ ಅಂತಾರೆ ಬುಡು" ಎಂದಳು.

"ಅವ್ವ, ಅವಳು ನಿನ್ನನ್ನ ಇಷ್ಟು ದಿನ ಗುರ್ತು ಹಿಡೀತಿದ್ದದ್ದು ಬಳೆ ಸದ್ದಲ್ಲಿ, ಕುಂಕುಮದಲ್ಲಿ. ಎರಡೂ ಹೋದ್ವು. ನೀನು ಬಾಯೂ ಬಿಡಲಿಲ್ಲ."

ಅವ್ವ ತನ್ನ ಬರಿಗೈಯನ್ನು ನೋಡಿಕೊಂಡಳು. ರಾಗಿ ಕೇರುತ್ತಿದ್ದ ಮೊರ ಪಕ್ಕಕ್ಕಿಟ್ಟಳು.

"ಹಂಗಾರೆ ಅವತ್ತು ಅವಳು ಆಡಿದ್ದು ನನ್ ಕುಟೆ ಅಂತ ಅವಳಿಗೆ ಗೊತ್ತಿರಲಿಲ್ವಾ?"

"ಇಲ್ಲ."

"ನಮ್ಮತ್ತೆ ಉಂಡಿಲ್ಲ, ಅವ್ರಿಲ್ದಿದ್ರೆ ನನಗ್ಯಾರು ಅಂದದ್ದು... ಯಾರೋ ಹೊರಗಿನೋಳ ಕುಟೆ ಅಂದದ್ದಾ?"

"ಹೂಂ ಕಣವ್ವ."

ಸೊಸೆ ತನ್ನ ಬೆನ್ನ ಹಿಂದೆ ಏನಾಡುತ್ತಾಳೆಂದು ತಿಳಿಯದೆಯೇ ಅತ್ತೆಯರು ಸಾಯುತ್ತಾರೆ. ನಮ್ಮವ್ವ ಅದನ್ನು ಎದುರಿಗೇ ನಿಂತು ಕೇಳಿಸಿಕೊಂಡಿದ್ದಳು, ಅದನ್ನೇ ಅವಮಾನ ಎಂದುಕೊಂಡಿದ್ದಳು. ಸೆರಗು ಬಾಯಿಗೆ ಹಿಡಿದುಕೊಂಡು ಅತ್ತಳು. ಅಪ್ಪ ಹೋದಾಗಲೂ ಅಷ್ಟು ಅತ್ತಿರಲಿಲ್ಲ.

ಮಾರನೆಯ ಬೆಳಗ್ಗೆ ಅವ್ವ, ನಾನು ಇಬ್ಬರೂ ಬಸ್ಸು ಹತ್ತಿದೆವು. ಕಿಬ್ಬನಹಳ್ಳಿ ಕ್ರಾಸಿನಲ್ಲಿ ಇಳಿದು ಅರಳಗುಪ್ಪೆ ಬಸ್ಸಿಗೆ ಕಾಯುವಾಗ ಅವ್ವ ಸರಸರ ನಡೆದು ಬಳೆ ಅಂಗಡಿಗೆ ನುಗ್ಗಿದಳು. ಹಸಿರು ಗಾಜಿನ ಬಳೆ ಕೇಳಿದಳು. ಅಂಗಡಿಯವನು ಅವಳ ಬೋಳು ಹಣೆ ನೋಡಿ, "ಯಾರಿಗಮ್ಮ?" ಎಂದ.

"ನನಗೇ. ಯಾಕೆ, ನನ್ ಕೈ ಸೈಜಿಂದು ಇಲ್ವಾ?"

ಅವನು ಹಿಂದುಮುಂದು ನೋಡಿದ. "ಅಲ್ಲಮ್ಮ, ಊರಲ್ಲಿ ಜನ ಏನಾದ್ರೂ..."

"ಜನಕ್ಕೆ ನನ್ ಮುಖ ಕಂಡ್ರೆ ಗುರ್ತು ಸಿಗ್ತದೆ ಕಣಪ್ಪ. ನನ್ ಸೊಸೆಗೂ ಸಿಗಬೇಕಲ್ಲ" ಎಂದು ಅವ್ವ ಕೈ ಮುಂದೆ ಚಾಚಿದಳು. ನಮ್ಮವ್ವನನ್ನು ನಾನು ಅಷ್ಟು ಮೆಚ್ಚಿದ್ದು ಅದೇ ಮೊದಲು.

ಅರಳಗುಪ್ಪೆಯಲ್ಲಿ ಪುಷ್ಪ ಜಗಲಿಯ ಮೇಲೆ ಕೂತು ತೆಂಗಿನ ಗರಿಯಿಂದ ಪೊರಕೆ ಕಡ್ಡಿ ಸೀಳುತ್ತಿದ್ದಳು. ನನಗೆ ಮಾತಾಡಬೇಡ ಎಂದು ಸನ್ನೆ ಮಾಡಿ, ಬೇಲಿಯ ಹತ್ತಿರವೇ ನಿಲ್ಲಿಸಿ, ಅವ್ವ ಒಬ್ಬಳೇ ಅಂಗಳಕ್ಕೆ ಹೋಗಿ ನಿಂತಳು. ಪುಷ್ಪ ತಲೆಯೆತ್ತಿದಳು. ಬಿಳಿ ಸೀರೆಯ ಒಬ್ಬ ಮುದುಕಿ. ಅವಳ ಮುಖದಲ್ಲಿ ಗುರುತು ಸಿಕ್ಕ ಲಕ್ಷಣ ಕಿಂಚಿತ್ತೂ ಇರಲಿಲ್ಲ. ಯಾರು ಬೇಕಿತ್ತು ಎಂದು ಕೇಳಲು ಏಳುವಷ್ಟರಲ್ಲಿ ಅವ್ವ ಸೆರಗು ಸರಿಮಾಡಿಕೊಳ್ಳಲು ಕೈಯೆತ್ತಿದಳು. ಬಳೆ ಸದ್ದಾಯಿತು.

"ಅತ್ತೆ" ಎಂದಳು ಪುಷ್ಪ. ಕಡ್ಡಿಯೆಲ್ಲ ಮಡಿಲಿನಿಂದ ಕೆಳಗೆ ಬಿತ್ತು.

"ಹೂಂ ಕಣೇ" ಎಂದಳು ಅವ್ವ. "ನಿಮ್ಮತ್ತೆ ನಿನ್ನೆಯಿಂದ ಏನೂ ಉಂಡಿಲ್ಲ. ನೀನಾದ್ರೂ ಎರಡು ತುತ್ತು ತಿನ್ಸು."