ಮುಟ್ಟದ ಟೀ

ಹಾಲಿನ ಡೈರಿಯಲ್ಲಿ ಕ್ಯಾನಿನ ಮುಚ್ಚಳ ತೆಗೆದು ಮೂಸಿ, ಹಾಲು ಒಳ್ಳೆಯದೋ ಕೆಟ್ಟದೋ ಎಂದು ಹೇಳುವ ಕೆಲಸ ಖಾಲಿಯಿತ್ತು. ನಾಲ್ಕು ಎಮ್ಮೆ ಸಾಕಿ ಪಳಗಿದ್ದ ಹೆಂಗಸು ಸಂದರ್ಶನಕ್ಕೆ ಹೊರಟಾಗ ಅವಳ ಅಕ್ಕ ಬಾಗಿಲವರೆಗೂ ಬಂದು ಬುದ್ಧಿ ಹೇಳಿದಳು. "ಏನ್ ಕೊಟ್ರೂ ಕುಡಿ, ಏನ್ ಕೇಳಿದ್ರೂ ಚೆನ್ನಾಗಿದೆ ಅನ್ನು. ಬಾಯಿಗೊಂದು ಬೀಗ ಹಾಕ್ಕೊಂಡು ಹೋಗೇ."

ಹಿಂದಿನ ಎರಡು ಕೆಲಸಗಳು ಆ ಬಾಯಿಯಿಂದಲೇ ಹೋಗಿದ್ದವು.

ಮ್ಯಾನೇಜರರ ಮೂರು ಪ್ರಶ್ನೆಗಳನ್ನು ಅವಳು ತಗ್ಗಿಬಗ್ಗಿ ದಾಟಿದಳು. ನಾಲ್ಕನೆಯದು ಬಂತು.

"ಟೀ ಯಾಕಮ್ಮ ಮುಟ್ಟಲೇ ಇಲ್ಲ? ನಮ್ಮ ಡೈರಿಯದೇ ಹಾಲು."

ಮುಂದಿಟ್ಟಿದ್ದ ಟೀ ಲೋಟ ಅವಳ ತುಟಿಯವರೆಗೆ ಹೋಗಿ, ವಾಸನೆಗೇ ವಾಪಸ್ಸು ಬಂದಿತ್ತು. ಚೆನ್ನಾಗಿದೆ ಎಂದರೆ ಕೆಲಸ ಸಿಕ್ಕೀತು. ಆದರೆ ಸಿಗುವ ಕೆಲಸವೇ ಕೆಟ್ಟದ್ದನ್ನು ಕೆಟ್ಟದ್ದೆನ್ನುವುದು.

"ನಿನ್ನೆ ಸಂಜೆ ಹಾಲನ್ನ ಇವತ್ತಿನ ಹಾಲಿಗೆ ಬೆರೆಸಿದಾರೆ ಸಾರ್. ಮಧ್ಯಾಹ್ನದೊಳಗೆ ಒಡೆಯುತ್ತೆ."

ಮ್ಯಾನೇಜರು ತಮ್ಮ ಲೋಟವನ್ನು ಆಗಲೇ ಬರಿದು ಮಾಡಿದ್ದರು. "ನನಗೇನೂ ಗೊತ್ತಾಗ್ಲಿಲ್ವಲ್ಲ!"

"ಅದಕ್ಕೇ ಅಲ್ವಾ ಸಾರ್, ನೀವು ಜನ ಹುಡುಕ್ತಿರೋದು?"

ಪಕ್ಕದ ಕುರ್ಚಿಯ ಮೇಡಂ ನಗು ನುಂಗಿಕೊಂಡು, ಕ್ಯಾನುಗಳನ್ನಿಡುವ ಕೋಣೆಗೆ ಫೋನು ಮಾಡಿದರು. ಹೌದು, ಒಂದು ಕ್ಯಾನಿಗೆ ನಿನ್ನೆಯ ಹಾಲು ಬಿದ್ದಿತ್ತು.

ಮ್ಯಾನೇಜರು ಮೇಜಿನ ಮೇಲೆ ಬಾಗಿದರು. "ಸರಿ, ಬೆರೆಸಿದ್ದು ಯಾರು? ಅದನ್ನೂ ಹೇಳ್ಬಿಡಿ ನೋಡೋಣ."

ಕಂಡರಿಯದವರ ಅನ್ನಕ್ಕೆ ಕಲ್ಲು ಹಾಕಲು ಅವಳಿಗೆ ಮನಸ್ಸಾಗಲಿಲ್ಲ.

"ಮೂಗಿಗೆ ಹೆಸರು ಗೊತ್ತಾಗಲ್ಲ ಸಾರ್. ಕೆಲಸಕ್ಕೆ ಸೇರಿಸ್ಕೊಳ್ಳಿ, ಇನ್ಮೇಲೆ ಯಾರೂ ಬೆರೆಸ್ದಂಗೆ ನೋಡ್ಕೋತೀನಿ."

ಮೇಡಂ ಹಾಜರಿ ಪುಸ್ತಕವನ್ನು ಎಳೆದುಕೊಂಡು, ಅವಳ ಹೆಸರು ಬರೆಯಲು ಸೋಮವಾರದ ಪುಟ ಬಿಡಿಸಿದರು.