ಪರ್ಮಿಷನ್ ಬೇಡದ ಪದ

"ಕಾಲ ಹತ್ರ ಇಡ್ರಲೇ. ನನ್ನ ಫೋಟೊ ಈ ಕಡಿ ಕಾಣ್ಲಿ."

ಬಸವಕುಮಾರ್ ಧಣಿ, ಗೋಡೆಗೆ ಒರಗಿಸಿ ಕೂರಿಸಿದ್ದ ಹೆಣದ ಮುಂದೆ ಹಾರ್ಮೋನಿಯಂ ಇಡಿಸಿದ. ಅದರ ಮೈಗೆ ಅವನದೇ ನಗುಮುಖದ ಸ್ಟಿಕ್ಕರ್ ಅಂಟಿತ್ತು. ಹೊನ್ನೂರಮ್ಮ ಗಂಡನ ಹೆಣದ ಪಕ್ಕದಿಂದ ಅದನ್ನೇ ದಿಟ್ಟಿಸಿದಳು. ಅದು ತೀರಿಹೋದ ಉಜ್ಜಿನಪ್ಪನದೇ ಪೆಟ್ಟಿಗೆ. ಇದೇ ಧಣಿ ಹೇಳಿದ್ದಕ್ಕೆ ಪೊಲೀಸರು ಹೊತ್ತೊಯ್ದು, ವರ್ಷಗಟ್ಟಲೆ ಠಾಣೆಯ ಮೂಲೆಯಲ್ಲಿ ಕೊಳೆಹಾಕಿದ್ದರು. ಈಗ ಅದನ್ನು ಬಿಡಿಸಿ ತಂದವನೂ ಅವನೇ.

"ಲೈವ್ ಐತೇನಲೇ?"

"ಐತ್ರಿ ಧಣಿ. ಸಂಡೂರು, ಕಂಪ್ಲಿ ಎಲ್ಲಾ ಕಡಿ ನೋಡಾಕತ್ಯಾರ," ಎಂದ ಫೋನು ಹಿಡಿದಿದ್ದ ಬಾಲಬಡುಕ.

ಧಣಿ ಕೈಮುಗಿದು ಮುಖ ಸಣ್ಣದು ಮಾಡಿಕೊಂಡ. "ಎರ್ರೆಪ್ಪ, ಒಂದು ಪದ ಬಾರ್ಸು. ದೇವರದ್ದು ಮಾತ್ರ."

ಭಜನೆಯ ಎರ್ರೆಪ್ಪ ತಿದಿ ಎಳೆದ. ಹುಸ್ಸೆಂದು ಗಾಳಿ ಹೋಗಿ ಇಲಿಯ ಹಿಕ್ಕೆ ಉದುರಿತು.

"ಮಣ್ಣಿಗೆ ಒಯ್ಯೋದ್ರೊಳಗ ಅವರ ಪದ ಒಂದು ಹಾಡಪ್ಪ," ಎಂದು ಹೊನ್ನೂರಮ್ಮ ಬೆಳಿಗ್ಗೆಯಿಂದ ಅವನನ್ನು ಅಂಗಲಾಚಿದ್ದಳು. ಈಗಲೂ ಅವನತ್ತ ನೋಡಿದಳು.

"ಬ್ಯಾಡಕ್ಕ. ನಮ್ಮ ಮ್ಯಾಲೂ ಕೇಸ್ ಹಾಕ್ತಾರ," ಎಂದು ಪಿಸುಗುಟ್ಟಿ ಅವನು ತಲೆ ತಗ್ಗಿಸಿದ.

* * *

ಗುಡ್ಡ ಅಗೆದು ಕೆಂಪು ಅದಿರನ್ನು ಲಾರಿಗೆ ತುಂಬಿಸುವ ಧಣಿಯ ಮೇಲೆ ಉಜ್ಜಿನಪ್ಪ ಪದ ಕಟ್ಟಿದ್ದ. ಊರೂರಲ್ಲಿ ಜನ ಅದನ್ನು ಗುನುಗತೊಡಗಿದಾಗ ಶಾಂತಿಭಂಗದ ಕೇಸು ಬಿತ್ತು. ಇನ್ನು ಹಾಡುವುದಿಲ್ಲವೆಂದು ಮುಚ್ಚಳಿಕೆ ಬರೆಸಿಕೊಂಡರು. ಆಮೇಲೆ ಅವನು ಒಲೆಯ ಮುಂದೆ ಕೂತು ಹೆಂಡತಿಗೇ ಆ ಪದ ಕಲಿಸಿದ.

"ನಂದು ಕಾಗಿ ದನಿ. ನಂಗ್ಯಾಕ್ರಿ?"

"ನಾ ಹಾಡಿದ್ರ ಕೇಸು. ನಾ ಸತ್ತಾಗ ನೀ ಹಾಡ್ಯಾಡಿ ಅಳ್ತೀಯಲ್ಲ, ಅದಕ್ಕ ಯಾರ ಪರ್ಮಿಷನ್ನೂ ಬ್ಯಾಡ."

"ಥೂ, ಬಿಡ್ತು ಅನ್ರಿ!"

* * *

ಧಣಿ ಹಾರ ಹಾಕಲು ಬಗ್ಗಿದ. ಅವನ ಸೆಂಟಿನ ವಾಸನೆ ಮೂಗಿಗೆ ಬಡಿಯಿತು. ಹೊನ್ನೂರಮ್ಮ ಎದೆ ಬಡಿದುಕೊಂಡು ದನಿ ತೆಗೆದಳು.

"ಎಲ್ಲಿ ಹೋದ್ಯೋ ನನ್ನ ರಾಜಾ...
ಗುಡ್ಡ ನುಂಗಿದರೂ ಧಣಿ ಹೊಟ್ಟಿ ತುಂಬಲಿಲ್ಲೋ...
ನಮ್ಮ ಗಂಗಾಳಕ್ಕ ಕೆಂಪು ಧೂಳ ಬಡಿಸ್ಯಾನೋ..."

ಕಾಗೆ ದನಿಯೇ. ಆದರೂ ಒಂದಕ್ಷರ ತಪ್ಪಲಿಲ್ಲ. ಧಣಿಯ ಹಿಂದೆ ನಿಂತಿದ್ದ ಪೊಲೀಸ್ ಪೇದೆ ತಡೆಯಲು ಮುಂದೆ ಬಂದ. ಪಕ್ಕದ ಮನೆಯ ಮುದುಕಿ ಜಂಬವ್ವ ಅಡ್ಡ ಕೂತಳು.

"ಗಂಡ ಸತ್ತಾಕಿ ಅಳಾಕೂ ನಿಮ್ಮನ್ನ ಕೇಳಬೇಕೇನೋ?"

ಪೇದೆ ಟೋಪಿ ತೆಗೆದು ನಿಂತುಬಿಟ್ಟ. ಹೆಂಗಸರು ಒಬ್ಬೊಬ್ಬರಾಗಿ ಸೊಲ್ಲು ಎತ್ತಿಕೊಂಡರು. ಕೊನೆಗೆ ಎರ್ರೆಪ್ಪನ ಕೈಯೂ ತಾಳ ತಟ್ಟತೊಡಗಿತು.

ಲೈವ್ ನಡೆದಿತ್ತು; ಧಣಿ ಸಿಟ್ಟು ತೋರಿಸುವಂತಿರಲಿಲ್ಲ, ಹೊರಟು ಹೋಗುವಂತೆಯೂ ಇರಲಿಲ್ಲ. ಹಾರ ಹಾಕಿ, ಮುಗಿದ ಕೈ ಮುಗಿದಂತೆಯೇ ನಿಂತ. ಅವನ ಕೆನ್ನೆ ಅದುರುವುದನ್ನು ಕಂಡು, ಧಣಿಗೆ ಅಳುವೇ ಬಂತೆಂದುಕೊಂಡ ಬಾಲಬಡುಕ ಫೋನನ್ನು ಇನ್ನಷ್ಟು ಹತ್ತಿರ ಹಿಡಿದ.