ಪಂಪಿನ ಸರದಿ, ಹತ್ತಿಯ ನುಸಿ

ಔಷಧಿ ಹೊಡೆಯುವ ಪಂಪು ಮೂರು ಮನೆಗೆ ಒಂದೇ ಇದ್ದರೆ ಏನಾಗುತ್ತದೆ ಗೊತ್ತೇ? ಹುಳ ಇರಲಿ ಬಿಡಲಿ, ಸರದಿ ಬಂದ ದಿನ ಔಷಧಿ ಬೀಳುತ್ತದೆ. ನಮ್ಮ ಪಕ್ಕದ ಹೊಲದವನಿಗೆ ಊರವರು ಪಂಪಣ್ಣ ಎಂದು ಹೆಸರಿಟ್ಟಿದ್ದೇ ಅದಕ್ಕೆ. ಸರದಿ ತಪ್ಪಿದರೆ ಅವನಿಗೆ ನಿದ್ದೆ ಹತ್ತದು.

ಈ ಸಲ ಅವನಿಗೆ ನಿಜವಾದ ಚಿಂತೆಯೇ ಇತ್ತು. ಮಳೆ ಮುಖ ತೋರಿಸದೆ ಎಷ್ಟೋ ದಿನವಾಗಿತ್ತು. ಹತ್ತಿ ಎಲೆಗಳ ಅಂಚು ಮೇಲಕ್ಕೆ ಮುದುಡಿತ್ತು, ಅಡಿಭಾಗ ಬೆಳ್ಳಗೆ ಹೊಳೆಯುತ್ತಿತ್ತು. ಹೂ ಬಿಡುವ ಹೊತ್ತಿಗೆ ಗಿಡ ಸೊರಗಿದರೆ ವರ್ಷದ ಬೆಳೆ ಕೈಬಿಟ್ಟಂತೆಯೇ. ಅಂದು ಸರದಿ ಬಂತು, ಪಂಪಣ್ಣ ಪಂಪು ಬೆನ್ನಿಗೇರಿಸಿ ಹೊರಟ.

ಬದುವಿನಲ್ಲೇ ಅವನ ನಾದಿನಿ ಅಡ್ಡ ನಿಂತಳು. ಬೆಳೆ ಸಲಹಾ ಕೇಂದ್ರದಲ್ಲಿ ಕೆಲಸ ಮಾಡುವ ಆಕೆ ಅಕ್ಕನನ್ನು ನೋಡಲು ಬಂದಿದ್ದಳು. ಒಂದು ಎಲೆ ಮಗುಚಿ, ಅಡಿಯಲ್ಲಿ ಓಡಾಡುವ ಸಣ್ಣ ನುಸಿಗಳನ್ನು ತೋರಿಸಿದಳು.

"ಭಾವ, ಒಣಹವೆ ಅಂದ್ರೆ ಇವಕ್ಕೆ ಸುಗ್ಗಿ. ಆದ್ರೆ ಇವತ್ತು ಜೋರು ಮಳೆ ಅಂತ ಹವಾಮಾನದವರು ಹೇಳಿದಾರೆ. ಬಿದ್ರೆ ಬಹುಪಾಲು ನುಸಿ ತೊಳೆದು ಹೋಗುತ್ತೆ. ಈಗ ಹೊಡೆದ್ರೆ ಔಷಧಿನೂ ತೊಳೆದು ಹೋಗುತ್ತೆ, ನುಸಿ ತಿನ್ನೋ ಒಳ್ಳೆ ಹುಳಗಳೂ ಸಾಯ್ತವೆ."

"ಮಳೆ ಕೈಕೊಟ್ರೆ? ಸರದಿನೂ ಹೋಯ್ತು, ಬೆಳೆನೂ ಹೋಯ್ತು. ನಿನಗೇನು, ನಾಳೆ ಬಸ್ಸು ಹತ್ತಿ ಹೋಗ್ತೀಯ."

ಬಿಕ್ಕಟ್ಟು ಬಿಡಿಸಿದವಳು ಪಂಪಣ್ಣನ ಹೆಂಡತಿ. ಉಳಿದೆರಡು ಮನೆಗೂ ಹೋಗಿ, ಇವತ್ತು ಪಂಪು ಯಾರಿಗೂ ಬೇಡ, ನಾಳೆ ಹೊಲ ನೋಡಿ ಯಾರಿಗೆ ಅಗತ್ಯವೋ ಅವರಿಗೇ ಮೊದಲು ಎಂದು ಒಪ್ಪಿಸಿ ಬಂದಳು. ಪಂಪಣ್ಣ ಗೊಣಗುತ್ತಲೇ ಪಂಪು ಇಳಿಸಿದ. ದಿನವಿಡೀ ಆಕಾಶ ನೋಡಿ ನೋಡಿ ಅವನ ಕುತ್ತಿಗೆ ಹಿಡಿದುಕೊಂಡಿತು. ಸಂಜೆ ಮಳೆ ಧೋ ಎಂದು ಸುರಿದಾಗಲೇ ಹೋದ ಜೀವ ಬಂದಂತಾಯಿತು.

ಮರುದಿನ ಎಲೆ ಮಗುಚಿದರೆ ನುಸಿ ಅಲ್ಲೊಂದು ಇಲ್ಲೊಂದು. ಕೆಂಪು ಮೈಗೆ ಕಪ್ಪು ಚುಕ್ಕಿಯ ಗುಲಗಂಜಿ ಹುಳಗಳು ಆರಾಮವಾಗಿ ಊಟಕ್ಕೆ ಕುಳಿತಿದ್ದವು. ಆದರೂ ಮೈಮರೆಯಬಾರದು ಎಂದಳು ನಾದಿನಿ. ಮೋಡ, ತೇವ ಹೀಗೇ ಮುಂದುವರಿದರೆ ಹಸಿರು ಜಿಗಿಹುಳು ಹೆಚ್ಚಬಹುದು, ವಾರಕ್ಕೆರಡು ಸಲ ಹೊಲ ಸುತ್ತಬೇಕು ಎಂದು ತಿಳಿಸಿದಳು.

ಮಧ್ಯಾಹ್ನ ಪಕ್ಕದ ಮನೆಯವನು ಪಂಪು ಕೇಳಲು ಬಂದ. ಪಂಪಣ್ಣ ಅವನನ್ನು ಕರೆದುಕೊಂಡು ಅವನ ಹೊಲಕ್ಕೇ ನಡೆದ.

"ಮೊದ್ಲು ಎಲೆ ಮಗುಚು, ಆಮೇಲೆ ಪಂಪು."

ಹತ್ತಿ ಬೆಳೆಯುವ ಅಣ್ಣಂದಿರೇ, ಅಕ್ಕಂದಿರೇ, ನೀವೂ ಹಾಗೇ ಮಾಡಿ. ದಿನವೂ ಹವಾಮಾನ ಕೇಳಿ, ಹೊಲಕ್ಕಿಳಿದು ಎಲೆಯ ಅಡಿಭಾಗ ನೋಡಿ. ಹುಳ ಮಿತಿಮೀರಿದ್ದರೆ ಕೃಷಿ ಕಚೇರಿಯವರನ್ನು ಕೇಳಿ, ಅವರು ಹೇಳಿದಷ್ಟೇ ಔಷಧಿ ಹೊಡೆಯಿರಿ. ಹುಳಕ್ಕೆ ನಿಮ್ಮ ಸರದಿ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಬಿಸಿಲು, ಮೋಡ, ಮಳೆ ಮಾತ್ರ.